ಸಂತ ಇಸಿದೋರರ ಶಾಲೆ: ಒಕ್ಲಹೋಮಾದಲ್ಲಿ ತೆರೆಯದೇ ಉಳಿದ ಒಂದು ಬಾಗಿಲು

2025ರ ಮೇ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹೊರಡಿಸಿದ ಆದೇಶದ ಸಾರವೆಲ್ಲ ಒಂದೇ ವಾಕ್ಯದಲ್ಲಿತ್ತು: ನ್ಯಾಯಮೂರ್ತಿಗಳ ಮತ ಸಮಸಮವಾಗಿರುವುದರಿಂದ ಕೆಳಗಿನ ಕೋರ್ಟಿನ ತೀರ್ಪು ಉಳಿಯುತ್ತದೆ. ಯಾರ ಮತ ಯಾವ ಕಡೆಗೆ ಎಂದು ಹೇಳಲಿಲ್ಲ, ಕಾರಣವನ್ನೂ ಕೊಡಲಿಲ್ಲ. ನಾಲ್ಕಕ್ಕೆ ನಾಲ್ಕು, ಅಷ್ಟೇ. ಎರಡು ವರ್ಷ ದೇಶದ ಕಥೋಲಿಕ ಪತ್ರಿಕೆಗಳು, ವಕೀಲರು, ಧರ್ಮಾಧ್ಯಕ್ಷರು ಬಿಡದೆ ಚರ್ಚಿಸಿದ ಒಂದು ಶಾಲೆ ಒಬ್ಬನೇ ಒಬ್ಬ ವಿದ್ಯಾರ್ಥಿಗೂ ಪಾಠ ಹೇಳದೆ ಅಲ್ಲಿಗೆ ನಿಂತಿತು.

ಶಾಲೆಯ ಹೆಸರು ಸೇಂಟ್ ಇಸಿದೋರ್ ಆಫ್ ಸೆವಿಲ್ ಕ್ಯಾಥೊಲಿಕ್ ವರ್ಚುವಲ್ ಸ್ಕೂಲ್. ಸೆವಿಲ್ಲಾದ ಸಂತ ಇಸಿದೋರರು 636ರಲ್ಲಿ ತೀರಿಕೊಂಡ ಧರ್ಮಾಧ್ಯಕ್ಷರು. ತಮ್ಮ ಕಾಲದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕಲೆಹಾಕಿ ವಿಶ್ವಕೋಶ ಬರೆದವರಾದ್ದರಿಂದ ಇವತ್ತಿನ ಭಕ್ತರು ಅವರನ್ನು ಇಂಟರ್‌ನೆಟ್‌ನ ಪಾಲಕ ಸಂತ ಎಂದು ಕರೆಯುವುದುಂಟು. ಪೂರ್ತಿ ಆನ್‌ಲೈನ್‌ನಲ್ಲೇ, ಸರ್ಕಾರದ ಹಣದಿಂದ ನಡೆಯಬೇಕಿದ್ದ ಶಾಲೆಗೆ ಆ ಹೆಸರು ಚೆನ್ನಾಗಿಯೇ ಹೊಂದುತ್ತಿತ್ತು.

ಈ ಪ್ರಕರಣವನ್ನು ಹೆಚ್ಚಿನವರು "ಧರ್ಮ ಮತ್ತು ಸರ್ಕಾರದ ನಡುವಿನ ಗೋಡೆ" ಎಂಬ ಹಳೆಯ ಚೌಕಟ್ಟಿನಲ್ಲೇ ಓದುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಸರ್ಕಾರಿ ಶಾಲೆಯಿಂದ ಹೊರಗುಳಿಯುವ ಹಕ್ಕಿಗಾಗಿ ನೂರು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ಗೆದ್ದ ಸಮುದಾಯ, ಈಗ ಅದರ ಒಳಗೆ ಬರುವ ಹಕ್ಕು ಕೇಳಿತು. ಹಾಗೆ ಕೇಳುವುದಕ್ಕೆ ತನ್ನ ಬಗ್ಗೆ ತಾನೇ ಮೂರು ಮಾತು ಹೇಳಬೇಕಾಯಿತು, ಆ ಮೂರು ಮಾತು ಒಂದಕ್ಕೊಂದು ಕೂಡಿಬರಲಿಲ್ಲ.

ನಡೆದದ್ದು

ಒಕ್ಲಹೋಮಾ ಪ್ರೊಟೆಸ್ಟೆಂಟರ, ಅದರಲ್ಲೂ ಬ್ಯಾಪ್ಟಿಸ್ಟರ ನಾಡು. ಕಥೋಲಿಕರು ಅಲ್ಲಿ ಸಣ್ಣ ಅಲ್ಪಸಂಖ್ಯಾತರು. ರಾಜ್ಯಕ್ಕೆ ಎರಡೇ ಪ್ರಾಂತ್ಯ: ಒಕ್ಲಹೋಮಾ ಸಿಟಿ ಮಹಾಧರ್ಮಪ್ರಾಂತ್ಯ ಮತ್ತು ಟಲ್ಸಾ ಧರ್ಮಪ್ರಾಂತ್ಯ. ಕಥೋಲಿಕ ಶಾಲೆಗಳಿರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ದೂರದ ಹಳ್ಳಿಯ ಕುಟುಂಬಕ್ಕೆ ಶುಲ್ಕ ಕಟ್ಟುವ ಶಕ್ತಿಯಿದ್ದರೂ ಹತ್ತಿರದಲ್ಲಿ ಶಾಲೆಯೇ ಇಲ್ಲ. ಮಹಾಧರ್ಮಾಧ್ಯಕ್ಷ ಪಾಲ್ ಕೋಕ್ಲಿ ಮತ್ತು ಟಲ್ಸಾದ ಧರ್ಮಾಧ್ಯಕ್ಷ ಡೇವಿಡ್ ಕೊಂಡರ್ಲಾ ಸೇರಿ ಆನ್‌ಲೈನ್ ಶಾಲೆಯ ಯೋಚನೆ ಮಾಡಿದ್ದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿಯಾದದ್ದು ಅದನ್ನು "ಚಾರ್ಟರ್ ಶಾಲೆ"ಯಾಗಿ ನಡೆಸುತ್ತೇವೆ ಎಂದದ್ದು.

ಚಾರ್ಟರ್ ಶಾಲೆ ಎಂದರೆ ಖಾಸಗಿ ಮಂಡಳಿಯೊಂದು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು, ಸರ್ಕಾರದ ಹಣದಲ್ಲಿ, ಮಕ್ಕಳಿಂದ ಶುಲ್ಕ ತೆಗೆದುಕೊಳ್ಳದೆ ನಡೆಸುವ ಶಾಲೆ. 1991ರಲ್ಲಿ ಮಿನ್ನೆಸೋಟದಲ್ಲಿ ಮೊದಲ ಕಾನೂನು ಬಂತು. ಇವತ್ತು ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಶಾಲೆಗಳಿವೆ. ಪಠ್ಯಕ್ರಮದಲ್ಲಿ, ನೇಮಕಾತಿಯಲ್ಲಿ ಒಂದಿಷ್ಟು ಸ್ವಾತಂತ್ರ್ಯ ಸಿಗುತ್ತದೆ. ಆದರೆ ಕಾನೂನು ಅವನ್ನು ಕರೆಯುವುದು ಸಾರ್ವಜನಿಕ ಶಾಲೆ ಎಂದೇ. ಒಕ್ಲಹೋಮಾದ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವು ಯಾವ ಧಾರ್ಮಿಕ ಪಂಥಕ್ಕೂ ಸೇರಿರಕೂಡದು ಎನ್ನುತ್ತದೆ.

ಈ ಷರತ್ತು ಅಮೆರಿಕದ ಸಂವಿಧಾನಕ್ಕೆ ವಿರುದ್ಧವಿರಬಹುದು ಎಂದು 2022ರ ಡಿಸೆಂಬರ್‌ನಲ್ಲಿ ರಾಜ್ಯದ ಅಂದಿನ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಜಾನ್ ಒ'ಕಾನರ್ ಅಭಿಪ್ರಾಯ ಬರೆದುಕೊಟ್ಟರು. ಅವರ ನಂತರ ಬಂದ ಜೆಂಟ್ನರ್ ಡ್ರಮಂಡ್ 2023ರ ಫೆಬ್ರವರಿಯಲ್ಲಿ ಅದನ್ನು ಹಿಂದಕ್ಕೆ ಪಡೆದರು. ಇಬ್ಬರೂ ರಿಪಬ್ಲಿಕನ್ನರು. ಮುಂದಿನ ಜಗಳವೆಲ್ಲ ಒಂದೇ ಪಕ್ಷದ ಮನೆಯೊಳಗಿನದು ಎಂಬುದನ್ನು ಇಲ್ಲೇ ಗಮನಿಸಬೇಕು. ರಾಜ್ಯಪಾಲ ಕೆವಿನ್ ಸ್ಟಿಟ್ ಶಾಲೆಯ ಪರ, ಅಟಾರ್ನಿ ಜನರಲ್ ವಿರೋಧ. ಇದನ್ನು ನಾಸ್ತಿಕರು ಮತ್ತು ಆಸ್ತಿಕರ ಯುದ್ಧ ಎಂದು ಬಣ್ಣಿಸಿದ ವರದಿಗಳು ಅರ್ಧ ಕತೆಯನ್ನೇ ಬಿಟ್ಟವು.

2023ರ ಏಪ್ರಿಲ್‌ನಲ್ಲಿ ವರ್ಚುವಲ್ ಚಾರ್ಟರ್ ಶಾಲಾ ಮಂಡಳಿ ಮೊದಲ ಅರ್ಜಿಯನ್ನು ತಿದ್ದಿ ತನ್ನಿ ಎಂದು ತಿರುಗಿಸಿತು. ಜೂನ್ 5ರಂದು, ಮೂರು ಮತ ಎರಡರ ಮೇಲೆ, ಒಪ್ಪಿತು. ಆ ಮೂರರಲ್ಲಿ ಒಂದು ಮತ ಹಿಂದಿನ ಶುಕ್ರವಾರವಷ್ಟೇ ಮಂಡಳಿಗೆ ನೇಮಕವಾದ ಸದಸ್ಯರದ್ದು, ಸೋಮವಾರ ಮತದಾನ. ಈಗಲೇ ಮತ ಹಾಕಬೇಡಿ ಎಂದು ಮಂಡಳಿಯ ಅಧ್ಯಕ್ಷರೇ ಕೇಳಿಕೊಂಡರೂ ಅವರು ಹಾಕಿದರು. ಅದು ಕಾನೂನಿಗೆ ವಿರುದ್ಧವಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ದೇಶದ ಮೊಟ್ಟಮೊದಲ ಧಾರ್ಮಿಕ ಚಾರ್ಟರ್ ಶಾಲೆ ಹುಟ್ಟುವ ರೀತಿ ಅದಾಗಬಾರದಿತ್ತು.

ಜುಲೈ ಮುಗಿಯುವ ಹೊತ್ತಿಗೆ ಪೋಷಕರು, ಪ್ರೊಟೆಸ್ಟೆಂಟ್ ಪಾದ್ರಿಗಳು, ಶಿಕ್ಷಣ ಹೋರಾಟಗಾರರು ಸೇರಿ ಒಂದು ದಾವೆ ಹೂಡಿದರು. ಅಕ್ಟೋಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಕೂಡಲೇ ಡ್ರಮಂಡ್ ತಾವೇ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. 2024ರ ಜೂನ್ 25ರಂದು ಆ ಕೋರ್ಟು ಬಹುಮತದಿಂದ ಒಪ್ಪಂದವನ್ನು ರದ್ದು ಮಾಡಿತು. ಚಾರ್ಟರ್ ಶಾಲೆ ಸರ್ಕಾರದ ಅಂಗ. ಸರ್ಕಾರದ ಅಂಗ ಧರ್ಮಬೋಧನೆ ಮಾಡುವಂತಿಲ್ಲ. ಇದಕ್ಕೆ ರಾಜ್ಯದ ಸಂವಿಧಾನವೂ ಅಡ್ಡ, ಅಮೆರಿಕದ ಸಂವಿಧಾನವೂ ಅಡ್ಡ ಎಂದಿತು.

ಹಿಂದಿನ ಗಾಯ

ಕಥೋಲಿಕರ ಅಸಮಾಧಾನ ನಿನ್ನೆ ಮೊನ್ನೆಯದಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದ "ಸಾರ್ವಜನಿಕ" ಶಾಲೆ ಹೆಸರಿಗೆ ಎಲ್ಲರದ್ದು. ಒಳಗೆ ಓದಿಸುತ್ತಿದ್ದದ್ದು ಪ್ರೊಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್, ಹಾಡಿಸುತ್ತಿದ್ದದ್ದು ಅವರದೇ ಸ್ತೋತ್ರ. 1840ರಲ್ಲಿ ನ್ಯೂಯಾರ್ಕಿನ ಧರ್ಮಾಧ್ಯಕ್ಷ ಜಾನ್ ಹ್ಯೂಸ್ ಶಾಲಾ ನಿಧಿಯಲ್ಲಿ ಕಥೋಲಿಕರ ಪಾಲು ಕೇಳಿದರು, ಸಿಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಧರ್ಮಾಧ್ಯಕ್ಷ ಕೆನ್ರಿಕ್, ನಮ್ಮ ಮಕ್ಕಳು ನಮ್ಮ ಬೈಬಲನ್ನೇ ಓದಲಿ ಎಂದು ಕೇಳಿದ್ದು ದ್ವೇಷಕ್ಕೆ ತುಪ್ಪ ಸುರಿದಂತಾಗಿ 1844ರಲ್ಲಿ ದಂಗೆ ಎದ್ದಿತು. ಎರಡು ಕಥೋಲಿಕ ದೇವಾಲಯಗಳು ಸುಟ್ಟುಹೋದವು. 1875ರಲ್ಲಿ ಜೇಮ್ಸ್ ಬ್ಲೇನ್ ಎಂಬ ರಾಜಕಾರಣಿ, ಪಂಥಗಳ ಶಾಲೆಗೆ ಸರ್ಕಾರದ ಹಣ ಹೋಗಕೂಡದೆಂದು ಸಂವಿಧಾನ ತಿದ್ದುಪಡಿ ತಂದರು. ಸೆನೆಟ್‌ನಲ್ಲಿ ಅದು ಬಿತ್ತು. ಆದರೆ ಅದೇ ಧಾಟಿಯ ಸಾಲುಗಳು ಒಂದೊಂದಾಗಿ ರಾಜ್ಯಗಳ ಸಂವಿಧಾನ ಸೇರಿದವು. "ಪಂಥ" ಎಂದಾಗ ಆ ಕಾಲದಲ್ಲಿ ಯಾರ ಕಡೆ ಬೆರಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಕ್ಲಹೋಮಾ ರಾಜ್ಯವಾದದ್ದು 1907ರಲ್ಲಿ. ಅದರ ಸಂವಿಧಾನದಲ್ಲೂ ಸಾರ್ವಜನಿಕ ಹಣ ಯಾವ ಪಂಥಕ್ಕೂ ನೇರವಾಗಲಿ ಪರೋಕ್ಷವಾಗಲಿ ಸಲ್ಲಕೂಡದು ಎಂಬ ವಿಧಿಯಿದೆ. ಅಲ್ಲಿನ ಕಥೋಲಿಕರ ನೆನಪಿನಲ್ಲಿ ಇನ್ನೊಂದು ಕತೆಯೂ ಉಂಟು. 1917ರಲ್ಲಿ ರಾಜ್ಯ ತಂದ ಕಟ್ಟಾ ಪಾನನಿಷೇಧ ಕಾಯ್ದೆಯಲ್ಲಿ ಬಲಿಪೂಜೆಯ ದ್ರಾಕ್ಷಾರಸಕ್ಕೂ ವಿನಾಯಿತಿ ಇರಲಿಲ್ಲ. ರೈಲಿನವರು ಪೂಜೆಗೆ ಬೇಕಾದ ರಸವನ್ನು ಸಾಗಿಸಲು ಒಪ್ಪದಿದ್ದಾಗ ಒಬ್ಬ ಪಾದ್ರಿ ಕೋರ್ಟಿಗೆ ಹೋಗಿ 1918ರಲ್ಲಿ ಗೆದ್ದರು. ಗೆದ್ದದ್ದು ಇದೇ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ.

ಪಾಲು ಸಿಗದೆಹೋದಾಗ ಧರ್ಮಸಭೆ ತನ್ನದೇ ಶಾಲೆಗಳನ್ನು ಕಟ್ಟಿತು. 1884ರ ಬಾಲ್ಟಿಮೋರ್ ಸಮ್ಮೇಳನ ಪ್ರತಿ ಧರ್ಮಕೇಂದ್ರಕ್ಕೂ ಒಂದು ಶಾಲೆ ಇರಲೇಬೇಕೆಂದು ಅಪ್ಪಣೆ ಮಾಡಿತು. ಕನ್ಯಾಸ್ತ್ರೀಯರು ಪುಡಿಗಾಸಿನ ಸಂಬಳದಲ್ಲಿ ದುಡಿದು ಅವನ್ನು ನಿಲ್ಲಿಸಿದರು. 1922ರಲ್ಲಿ ಒರೆಗಾನ್ ರಾಜ್ಯ, ಕಥೋಲಿಕರನ್ನೂ ದ್ವೇಷಿಸುತ್ತಿದ್ದ ಬಿಳಿಯ ಪಾರಮ್ಯವಾದಿ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಬೆಂಬಲದೊಂದಿಗೆ, ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು ಎಂಬ ಕಾನೂನು ತಂದಾಗ ಶಾಲೆ ನಡೆಸುತ್ತಿದ್ದ ಕನ್ಯಾಸ್ತ್ರೀಯರ ಸಭೆಯೊಂದು ಅದರ ಮೇಲೆ ದಾವೆ ಹೂಡಿತು. 1925ರ ಜೂನ್ 1ರಂದು ಸುಪ್ರೀಂ ಕೋರ್ಟ್ ಕಾನೂನನ್ನು ಹೊಡೆದುಹಾಕಿ, ಮಗು ಸರ್ಕಾರದ ಸ್ವತ್ತಲ್ಲ ಎಂದಿತು. ಇಸಿದೋರ್ ಆದೇಶ ಬಂದದ್ದು ಆ ತೀರ್ಪಿಗೆ ನೂರು ತುಂಬಲು ಹತ್ತು ದಿನ ಬಾಕಿಯಿರುವಾಗ.

1960ರ ದಶಕದಲ್ಲಿ ಈ ಶಾಲೆಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಈಗ ಹದಿನೇಳು ಲಕ್ಷದ ಆಸುಪಾಸು. ಕನ್ಯಾಸ್ತ್ರೀಯರು ಕಡಿಮೆಯಾದರು, ಸಂಬಳದ ಶಿಕ್ಷಕರು ಬಂದರು, ಶುಲ್ಕ ಏರಿತು, ಪಕ್ಕದಲ್ಲೇ ಶುಲ್ಕವಿಲ್ಲದ ಚಾರ್ಟರ್ ಶಾಲೆ ತೆರೆಯಿತು. ಧರ್ಮಾಧ್ಯಕ್ಷರ ಅರ್ಜಿಯ ಹಿಂದೆ ಈ ಲೆಕ್ಕವೂ ಇದೆ.

ವಾದದ ಕೀಲಿ

ಕಾನೂನಿನ ದಾರಿ ತೆರೆದದ್ದು ಮೂರು ತೀರ್ಪುಗಳು. ಮಿಸ್ಸೋರಿಯಲ್ಲಿ ಲುಥೆರನ್ ಚರ್ಚಿನ ಆಟದ ಮೈದಾನಕ್ಕೆ ಸರ್ಕಾರಿ ನೆರವು ನಿರಾಕರಿಸಿದ್ದು ತಪ್ಪು ಎಂದು 2017ರಲ್ಲಿ. ಮೊಂಟಾನಾದ ವಿದ್ಯಾರ್ಥಿವೇತನ ಧಾರ್ಮಿಕ ಶಾಲೆಯ ಮಕ್ಕಳಿಗೂ ಸಲ್ಲಬೇಕೆಂದು 2020ರಲ್ಲಿ. ಮೇನ್ ರಾಜ್ಯ ಕೊಡುವ ಶುಲ್ಕದ ಹಣಕ್ಕೂ ಅದೇ ನ್ಯಾಯ ಎಂದು 2022ರಲ್ಲಿ. ಮೂರನ್ನೂ ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಖಾಸಗಿಯವರಿಗೆಲ್ಲ ಒಂದು ಸವಲತ್ತು ತೆರೆದಿಟ್ಟ ಮೇಲೆ, ಧಾರ್ಮಿಕರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅವುಗಳ ತಿರುಳು.

"ಖಾಸಗಿ" ಎಂಬಲ್ಲಿ ಕೀಲಿ ಇದೆ. ಚಾರ್ಟರ್ ಶಾಲೆ ಖಾಸಗಿ ಎಂದಾದರೆ ಇಸಿದೋರ್ ಗೆದ್ದಂತೆ. ಸರ್ಕಾರಿ ಎಂದಾದರೆ ಸೋತಂತೆ. ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆ ಮಾಡಿಸುವುದನ್ನು 1960ರ ದಶಕದಲ್ಲೇ ಕೋರ್ಟ್ ನಿಲ್ಲಿಸಿದೆ. ಹೀಗಾಗಿ ವಕೀಲರು ವಾದಿಸಿದ್ದು: ಮಂಡಳಿ ನಮ್ಮದು, ಶಿಕ್ಷಕರು ನಮ್ಮವರು, ಪಾಠ ನಮ್ಮದು, ಸರ್ಕಾರ ಹಣ ಕೊಡುತ್ತದೆ ಅಷ್ಟೇ, ಗುತ್ತಿಗೆದಾರನಿಗೆ ಕೊಟ್ಟ ಹಾಗೆ.

ಇತ್ತ ಅರ್ಜಿಯಲ್ಲಿ ಧರ್ಮಪ್ರಾಂತ್ಯಗಳು ಬರೆದದ್ದೇನು? ಈ ಶಾಲೆ ಧರ್ಮಸಭೆಯ ಸುವಾರ್ತಾ ಪ್ರಸಾರದ ಕಾರ್ಯದಲ್ಲಿ ಭಾಗಿಯಾಗುತ್ತದೆ. ಎಲ್ಲ ಧರ್ಮದ, ಧರ್ಮವೇ ಇಲ್ಲದ ಮಕ್ಕಳೂ ಬರಬಹುದು. ಆದರೆ ಪಾಠದೊಳಗೆಲ್ಲ ಕಥೋಲಿಕ ದೃಷ್ಟಿ ಹರಿದಿರುತ್ತದೆ. ಈ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಬೇರೆಡೆ ಧಾರ್ಮಿಕ ಸಂಸ್ಥೆಗಳು ಸರ್ಕಾರದ ಹಣ ಬೇಕಾದಾಗ ಮೆಲ್ಲಗೆ ಶಿಲುಬೆಯನ್ನು ಪಕ್ಕಕ್ಕಿಟ್ಟು "ಮೌಲ್ಯ", "ಸಂಸ್ಕೃತಿ" ಎಂದು ಮಾತು ತಿರುಗಿಸುವುದನ್ನು ನೋಡಿದ್ದೇವೆ. ಇವರು ಹಾಗೆ ಮಾಡಲಿಲ್ಲ. ತೊಡಕಾದದ್ದೂ ಅದರಿಂದಲೇ. ಹಣ ಕೇಳುವ ಮಂಡಳಿಯ ಮುಂದೆ ಸಾರ್ವಜನಿಕ ಶಾಲೆ. ಕೋರ್ಟಿನ ಮುಂದೆ ಖಾಸಗಿ ಗುತ್ತಿಗೆದಾರ. ತನ್ನ ಮಟ್ಟಿಗೆ ಧರ್ಮಸಭೆಯ ಅಂಗ. ಮೂರೂ ಏಕಕಾಲಕ್ಕೆ ನಿಜವಾಗಿರಬೇಕಿತ್ತು.

2025ರ ಏಪ್ರಿಲ್ 30ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಡೆದ ವಿಚಾರಣೆಯಲ್ಲಿ ಈ ಬಿಗಿ ಹೊರಗೆ ಬಂತು. ನ್ಯಾಯಮೂರ್ತಿ ಬ್ರೆಟ್ ಕ್ಯಾವನಾಗೆ ಎಲ್ಲವೂ ತಾರತಮ್ಯದ ಪ್ರಶ್ನೆ: ಎಲ್ಲರಿಗೂ ತೆರೆದ ಯೋಜನೆಯಿಂದ ಧರ್ಮದವರನ್ನು ಮಾತ್ರ ಹೊರದಬ್ಬುವುದೇಕೆ? ಸ್ಯಾಮ್ಯುಯೆಲ್ ಅಲಿಟೊ ಇನ್ನೂ ಕಟುವಾಗಿದ್ದರು. ಇದಕ್ಕೆ ಒಪ್ಪಿದರೆ ನಾಳೆ ಮುಸ್ಲಿಂ ಶಾಲೆಗೂ ಹಣ ಕೊಡಬೇಕಾಗುತ್ತದೆ ಎಂಬ ಅರ್ಥದಲ್ಲಿ ಡ್ರಮಂಡ್ ಹಿಂದೆ ಆಡಿದ್ದ ಮಾತುಗಳನ್ನು ಹಿಡಿದು, ಇಲ್ಲಿ ಇಸ್ಲಾಮಿನ ಮೇಲಿನ ಹಗೆ ನಾರುತ್ತಿದೆ ಎಂದರು. ಏಟು ಸರಿಯಾದ ಜಾಗಕ್ಕೇ ಬಿತ್ತು. ಒಳ್ಳೆಯ ತತ್ತ್ವವನ್ನು ಕೆಟ್ಟ ಭಯದಿಂದ ಸಮರ್ಥಿಸಿದರೆ ಆಗುವುದೇ ಇದು.

ಎಲೆನಾ ಕೇಗನ್ ಕೇಳಿದ ಪ್ರಶ್ನೆ ಬೇರೆ ಬಗೆಯದು. ನ್ಯೂಯಾರ್ಕಿನ ಕಟ್ಟಾ ಸಂಪ್ರದಾಯಸ್ಥ ಹಸೀದಿ ಯಹೂದಿ ಸಮುದಾಯ ತನ್ನ ಧರ್ಮಗ್ರಂಥಗಳನ್ನೇ ಮುಖ್ಯವಾಗಿ ಕಲಿಸುವ ಶಾಲೆಗೆ ಇದೇ ಹಣ ಕೇಳಿದರೆ ಕೊಡಬೇಕೇ? ಪಠ್ಯಕ್ರಮದ ನಿಯಮ ಯಾರ ಮೇಲೆ ನಡೆಯುತ್ತದೆ, ಯಾರ ಮೇಲೆ ನಡೆಯುವುದಿಲ್ಲ? ನೀಲ್ ಗೋರ್ಸಚ್ ಎದುರು ದಿಕ್ಕಿನಿಂದ ಕೇಳಿದರು: ಹೀಗೆ ತೀರ್ಪಾದರೆ ಕೆಲವು ರಾಜ್ಯಗಳು ಎಲ್ಲ ಚಾರ್ಟರ್ ಶಾಲೆಗಳ ಮೇಲೂ ಹಿಡಿತ ಬಿಗಿ ಮಾಡಿ ಅವನ್ನು ಪೂರ್ತಿ ಸರ್ಕಾರಿಯಾಗಿಸಿಬಿಟ್ಟರೆ? ಕಥೋಲಿಕ ಶಾಲೆಗಳ ಹಿತ ಬಯಸುವವರು ಹೆಚ್ಚು ಯೋಚಿಸಬೇಕಾದದ್ದು ಈ ಪ್ರಶ್ನೆಯನ್ನು ಎಂದು ನನಗನ್ನಿಸುತ್ತದೆ. ಹಣದ ಹಿಂದೆ ನಿಯಮ ಬರುತ್ತದೆ. ಯಾರನ್ನು ಶಿಕ್ಷಕರಾಗಿ ತೆಗೆದುಕೊಳ್ಳಬೇಕು, ಯಾವ ಮಗುವನ್ನು ಸೇರಿಸಿಕೊಳ್ಳಬೇಕು ಎಂಬುದರ ಮೇಲೆ ನಾಳೆ ಬರುವ ಸರ್ಕಾರ ಏನು ಹೇರುತ್ತದೋ ಯಾರಿಗೆ ಗೊತ್ತು?

ರಾಬರ್ಟ್ಸ್ ಹೆಚ್ಚು ಮಾತಾಡಲಿಲ್ಲ. ಹಿಂದಿನ ಪ್ರಕರಣಗಳಲ್ಲಿ ಸರ್ಕಾರದ ಪಾತ್ರ ಸಣ್ಣದಿತ್ತು, ಇಲ್ಲಿ ಅದಕ್ಕಿಂತ ಬಹಳ ವ್ಯಾಪಕವಾಗಿ ಕಾಣುತ್ತದೆ ಎಂದರು. ಆ ಒಂದು ಮಾತಿನ ಮೇಲೆಯೇ, ನಾಲ್ಕನೆಯ ವಿರೋಧಿ ಮತ ಅವರದ್ದೆಂದು ಪ್ರಕರಣವನ್ನು ಹಿಂಬಾಲಿಸಿದ ಬಹುತೇಕರು ಲೆಕ್ಕ ಹಾಕುತ್ತಾರೆ. ಕೋರ್ಟ್ ಅದನ್ನು ಹೇಳಿಲ್ಲ.

ಖಾಲಿ ಕುರ್ಚಿ

ಒಂಬತ್ತು ಜನರ ಪೀಠದಲ್ಲಿ ಎಂಟೇ ಜನ ಕೂತದ್ದು ಯಾಕೆ? ಏಮಿ ಕೋನಿ ಬ್ಯಾರೆಟ್ ಹಿಂದೆ ಸರಿದರು, ಕಾರಣ ಹೇಳಲಿಲ್ಲ. ಅವರು ನೋಟರ್ ಡೇಮ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸಿದವರು. ಶಾಲೆಯ ಪರ ನಿಂತ ವಕೀಲರಲ್ಲಿ ಅದೇ ವಿಶ್ವವಿದ್ಯಾಲಯದ ಧಾರ್ಮಿಕ ಸ್ವಾತಂತ್ರ್ಯ ಕಾನೂನು ಕ್ಲಿನಿಕ್‌ನವರಿದ್ದರು. ಶಾಲೆಗೆ ಆರಂಭದಿಂದ ಸಲಹೆ ಕೊಟ್ಟ ಪ್ರಾಧ್ಯಾಪಕಿ ಬ್ಯಾರೆಟ್ ಅವರ ಹಳೆಯ ಗೆಳತಿ. ಇಷ್ಟು ಸಾಕು ಎಂದು ಹೊರಗಿನವರು ಅರ್ಥ ಮಾಡಿಕೊಂಡರು.

2017ರಲ್ಲಿ ಕೆಳಗಿನ ಕೋರ್ಟಿನ ನೇಮಕದ ಸಂದರ್ಭದಲ್ಲಿ ಬ್ಯಾರೆಟ್ ಅವರ ಕಥೋಲಿಕ ವಿಶ್ವಾಸವನ್ನೇ ಸೆನೆಟ್ ಸಮಿತಿಯಲ್ಲಿ ಕೆಣಕಲಾಗಿತ್ತು. ನಂಬಿಕೆ ತೀರ್ಪನ್ನು ಆಳುತ್ತದೆ ಎಂಬ ಶಂಕೆ ಅಲ್ಲಿತ್ತು. ಎಂಟು ವರ್ಷದ ನಂತರ, ಕಥೋಲಿಕ ಧರ್ಮಸಭೆಗೆ ಅವರ ಮತ ತೀರಾ ಬೇಕಾಗಿದ್ದ ಹೊತ್ತಿನಲ್ಲಿ, ಅವರು ನಿಯಮ ನೋಡಿ ಎದ್ದು ಹೋದರು. ಇನ್ನೊಂದು ಮಾತು: ಈ ಕೋರ್ಟಿನ ಒಂಬತ್ತರಲ್ಲಿ ಆರು ಮಂದಿ ಕಥೋಲಿಕರು. ಆ ಆರರಲ್ಲಿ ಸೋನಿಯಾ ಸೊಟೊಮೇಯರ್ ಕೇಳಿದ ಪ್ರಶ್ನೆಗಳೆಲ್ಲ ಶಾಲೆಗೆ ವಿರುದ್ಧ, ಅಲಿಟೊ ಕೇಳಿದವೆಲ್ಲ ಪರ. ಜ್ಞಾನಸ್ನಾನದ ದಾಖಲೆ ನೋಡಿ ನ್ಯಾಯಮೂರ್ತಿಗಳ ಮತ ಎಣಿಸುವವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿ ಶಾಲೆಯ ಪರ ಕೋರ್ಟಿಗೆ ಟಿಪ್ಪಣಿ ಸಲ್ಲಿಸಿತ್ತು. ಆದರೂ ಕಥೋಲಿಕ ಬರಹಗಾರರೆಲ್ಲ ಒಂದೇ ದನಿಯಲ್ಲಿರಲಿಲ್ಲ. ಇದು ನೂರೈವತ್ತು ವರ್ಷದ ಅನ್ಯಾಯದ ಪರಿಹಾರ ಎಂದವರಿದ್ದರು. ಸರ್ಕಾರದ ಹಣ ಮುಟ್ಟಿದ ಕೈಯಲ್ಲಿ ಧರ್ಮೋಪದೇಶದ ಸ್ವಾತಂತ್ರ್ಯ ಉಳಿಯದು ಎಂದವರೂ ಇದ್ದರು. ನಾನು ಎರಡನೆಯವರ ಕಡೆ ವಾಲುತ್ತೇನೆ.

ವಾಲುವುದಕ್ಕೆ ಒಂದು ಗಟ್ಟಿ ಕಾರಣ ಒಕ್ಲಹೋಮಾದಲ್ಲೇ ಇದೆ. ಶಾಲೆಗೆ ಒಪ್ಪಿಗೆ ಸಿಗುವ ಮುಂಚೆಯೇ, 2023ರ ಮೇ ತಿಂಗಳಲ್ಲಿ, ಸ್ಟಿಟ್ ಇನ್ನೊಂದು ಕಾಯ್ದೆಗೆ ಸಹಿ ಹಾಕಿದ್ದರು. ಮಗುವನ್ನು ಖಾಸಗಿ ಶಾಲೆಗೆ ಕಳಿಸುವ ಕುಟುಂಬಕ್ಕೆ, ಆದಾಯ ನೋಡಿ, ವರ್ಷಕ್ಕೆ 5,000ದಿಂದ 7,500 ಡಾಲರ್ ವರೆಗೆ ತೆರಿಗೆಯಲ್ಲಿ ಮರಳಿ ಸಿಗುತ್ತದೆ. ಕಥೋಲಿಕ ಶಾಲೆಗೂ ಇದು ಅನ್ವಯ. ಹಣ ತಂದೆತಾಯಿಯ ಕೈಗೆ, ಆಯ್ಕೆ ಅವರದು, ಶಾಲೆ ಶಾಲೆಯಾಗಿಯೇ ಉಳಿಯುತ್ತದೆ. ಈ ದಾರಿ ತೆರೆದಿರುವಾಗ, ಸಾರ್ವಜನಿಕ ಶಾಲೆಯ ಹೆಸರನ್ನೇ ಹೊತ್ತುಕೊಳ್ಳುವ ದಾರಿ ಬೇಕಿತ್ತೇ? ಹಳ್ಳಿಯ ಬಡ ಕುಟುಂಬಕ್ಕೆ ಪೂರ್ತಿ ಉಚಿತ ಶಾಲೆ ಇನ್ನೂ ಸುಲಭ, ನಿಜ. ಆದರೆ ರಾಜ್ಯದ ಮತದಾರರು 2016ರಲ್ಲಿ ತಮ್ಮ ಸಂವಿಧಾನದ ಆ ಪಂಥವಿರೋಧಿ ವಿಧಿಯನ್ನು ತೆಗೆದುಹಾಕುವ ಪ್ರಸ್ತಾಪವನ್ನು ಶೇ 57ರಷ್ಟು ಮತದಿಂದ ತಿರಸ್ಕರಿಸಿದ್ದರು. ಅದು ಬ್ಲೇನ್ ಕಾಲದ ಜನರ ದ್ವೇಷ ಎನ್ನಲಾಗದು. ಇವತ್ತಿನ ಭಕ್ತ, ಬಲಪಂಥೀಯ ಒಕ್ಲಹೋಮಾದ ಮತ. ಬ್ಯಾಪ್ಟಿಸ್ಟ್ ಪರಂಪರೆಗೆ ಸರ್ಕಾರದ ಕೈ ಚರ್ಚಿನಿಂದ ದೂರವಿರಬೇಕೆಂಬ ನಂಬಿಕೆ ತನ್ನದೇ ಆಗಿ ಇದೆ, ಅದಕ್ಕೆ ಕಥೋಲಿಕದ್ವೇಷದ ಆಸರೆ ಬೇಕಿಲ್ಲ.

ನಮ್ಮವರಿಗೆ ಈ ಗಲಾಟೆ ವಿಚಿತ್ರ ಅನ್ನಿಸಬಹುದು. ಕರ್ನಾಟಕದಲ್ಲಿ ಧರ್ಮಪ್ರಾಂತ್ಯಗಳೂ ಕನ್ಯಾಸ್ತ್ರೀಯರ ಸಭೆಗಳೂ ನಡೆಸುವ ಎಷ್ಟೋ ಶಾಲೆ ಅನುದಾನಿತ. ಆಡಳಿತ ಮಂಡಳಿ ಅವರದು, ಮೇಷ್ಟ್ರ ಸಂಬಳ ಸರ್ಕಾರದ್ದು. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದ ಶಾಲೆಯಲ್ಲಿ ಧರ್ಮಬೋಧನೆ ಬೇಡ ಎನ್ನುತ್ತದೆ, ಅನುದಾನಿತ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ ಎನ್ನುತ್ತದೆ; 30ನೇ ವಿಧಿ ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಶಾಲೆ ಎಂದು ಭೇದ ಮಾಡಕೂಡದು ಎನ್ನುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶದ ತರಗತಿಗೆ, ಉಳಿದವರು ಮೌಲ್ಯ ಶಿಕ್ಷಣಕ್ಕೆ. ಅಮೆರಿಕದಲ್ಲಿ ಈ ನಡುಮನೆ ಇಲ್ಲ. ಪಾಠದ ಎಲ್ಲ ಗಂಟೆಗಳಲ್ಲೂ ವಿಶ್ವಾಸ ಇರಬೇಕು, ಹಣವೂ ಪೂರ್ತಿ ಸರ್ಕಾರದ್ದಿರಬೇಕು ಎಂದು ಇಸಿದೋರ್ ಕೇಳಿತು. ಅಂಥ ಬೇಡಿಕೆ ನಮ್ಮ 28ನೇ ವಿಧಿಯ ಮುಂದೆಯೂ ನಿಲ್ಲುವುದು ಕಷ್ಟ.

ಈಗ ಎಲ್ಲಿದೆ

ಸಮಸಮ ಮತದ ಆದೇಶ ಬೇರೆ ಯಾವ ಪ್ರಕರಣಕ್ಕೂ ಆಧಾರವಾಗುವುದಿಲ್ಲ. ಒಕ್ಲಹೋಮಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪೇ ಕಾನೂನು. ಉಳಿದ ರಾಜ್ಯಗಳಲ್ಲಿ ಪ್ರಶ್ನೆ ಮೊದಲಿದ್ದ ಹಾಗೇ ಇದೆ. ಮಹಾಧರ್ಮಾಧ್ಯಕ್ಷ ಕೋಕ್ಲಿ ಈ ಸೋಲಿನಿಂದ ಹಿಂದೆ ಬೀಳಲಿಲ್ಲ: ಅದೇ ವರ್ಷದ ನವೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರು ಅವರನ್ನೇ ತಮ್ಮ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷರನ್ನಾಗಿ ಆರಿಸಿದರು.

ಇಂಥ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದರೆ, ಮತ್ತು ನೋಟರ್ ಡೇಮ್‌ನ ನಂಟು ಅದರಲ್ಲಿ ಇಲ್ಲದಿದ್ದರೆ, ಬ್ಯಾರೆಟ್ ಪೀಠದಲ್ಲಿ ಕೂರುತ್ತಾರೆ. ಅರ್ಜಿದಾರರು ಕಥೋಲಿಕರೇ ಆಗಿರಬೇಕೆಂದೇನಿಲ್ಲ. ಯಹೂದಿಗಳೋ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟರೋ ಆಗಿರಬಹುದು. ಚಾರ್ಟರ್ ಶಾಲೆಯ ಮೇಲೆ ಸರ್ಕಾರದ ಹಿಡಿತ ಒಕ್ಲಹೋಮಾಕ್ಕಿಂತ ಸಡಿಲವಿರುವ ರಾಜ್ಯವನ್ನು ಅವರ ವಕೀಲರು ಹುಡುಕಬಹುದು, ಏಕೆಂದರೆ ರಾಬರ್ಟ್ಸ್ ಅವರ ಅನುಮಾನ ಇದ್ದದ್ದು ಆ ಹಿಡಿತದ ಬಗ್ಗೆಯೇ.